ಗುಟ್ಟಾಗಿ ಹೇಳಿದರೆ ಬೋನಸ್, ಊರಿಗೆಲ್ಲ ಹೇಳಿದರೆ ಬೈಗುಳ

ಹೇಳಿದ್ದರಲ್ಲಿ ಅರ್ಧ ತಪ್ಪಾದರೂ ತಿಂಗಳ ಕೊನೆಗೆ ಪೂರ್ತಿ ಸಂಬಳ ಬರುವ ಕೆಲಸ ಯಾವುದು? ಹವಾಮಾನ ತಜ್ಞರನ್ನು ಕಂಡ ಕೂಡಲೇ ಜನರಿಗೆ ನೆನಪಾಗುವ ಜೋಕ್ ಇದು. ಹೇಳುವ ಪ್ರತಿಯೊಬ್ಬರೂ ಇದನ್ನು ತಾವೇ ಮೊದಲು ಕಂಡುಹಿಡಿದ ಹಾಗೆ ಹೇಳುತ್ತಾರೆ. ಕೇಳುವ ತಜ್ಞರು ಪಾಪ, ಪ್ರತಿ ಸಲವೂ ಹೊಸದಾಗಿ ನಗಬೇಕು. ಸಂಬಳದಲ್ಲಿ ಅದಕ್ಕೆ ಭತ್ಯೆ ಬೇರೆ ಇಲ್ಲ.

ಸರಿ, ಈ ಸಂಬಳ ಎಷ್ಟು, ಯಾವ ಲೆಕ್ಕದ ಮೇಲೆ ಬರುತ್ತದೆ ಅಂತ ಒಮ್ಮೆ ನೋಡೇಬಿಡೋಣ. ಅಮೆರಿಕವನ್ನು ತೆಗೆದುಕೊಳ್ಳೋಣ. ಅಲ್ಲಿ ಮಳೆಯನ್ನು ಅಳೆಯುವಷ್ಟೇ ಶ್ರದ್ಧೆಯಿಂದ ಸಂಬಳವನ್ನೂ ಅಳೆದು ಬರೆದಿಡುತ್ತಾರೆ. ಆ ದೇಶದ ಹವಾಮಾನ ತಜ್ಞರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, 2023ರ ಮೇ ತಿಂಗಳ ಸರ್ಕಾರಿ ಲೆಕ್ಕದಲ್ಲಿ ಸರಿಯಾಗಿ ನಡುವೆ ನಿಂತವರಿಗೆ ವರ್ಷಕ್ಕೆ 92,860 ಡಾಲರ್. ಸಾಲಿನ ಒಂದು ತುದಿಯಲ್ಲಿ ಐವತ್ತು ಸಾವಿರ ಮುಟ್ಟಲು ಒದ್ದಾಡುವವರಿದ್ದಾರೆ. ಇನ್ನೊಂದು ತುದಿಯಲ್ಲಿ ಒಂದೂವರೆ ಲಕ್ಷ ದಾಟಿದವರಿದ್ದಾರೆ. ಇಬ್ಬರೂ ನೋಡುವುದು ಒಂದೇ ಆಕಾಶ.

ಹಾಗಾದರೆ ಜಾಸ್ತಿ ಸಂಬಳದವರು ಜಾಸ್ತಿ ಸರಿಯಾಗಿ ಹೇಳುವವರು ಅಂತ ನೀವು ಅಂದುಕೊಂಡರೆ, ಇನ್ನೂ ಮುಗ್ಧರಾಗಿದ್ದೀರಿ.

ಸರ್ಕಾರಿ ಕೆಲಸದಿಂದಲೇ ಶುರು ಮಾಡೋಣ. ರಾಷ್ಟ್ರೀಯ ಹವಾಮಾನ ಸೇವೆಗೆ ಸೇರಬೇಕಾದರೆ ಪದವಿ ಬೇಕು, ಅದರಲ್ಲಿ ಹವಾಮಾನ ವಿಜ್ಞಾನವೇ 24 ಕ್ರೆಡಿಟ್ ಇರಬೇಕು, ಜೊತೆಗೆ ಕ್ಯಾಲ್ಕುಲಸ್, ಭೌತಶಾಸ್ತ್ರ ಎಲ್ಲ ಬೇಕು. ಇಷ್ಟೆಲ್ಲ ಓದಿ ಒಳಗೆ ಹೋದ ಮೇಲೆ ಸಂಬಳ ತೀರ್ಮಾನ ಮಾಡುವುದು ಗಡಿಯಾರ, ಕ್ಯಾಲೆಂಡರ್ ಮತ್ತು ಮ್ಯಾಪು. ರಾತ್ರಿ ಪಾಳಿಗೆ ಶೇ 10 ಜಾಸ್ತಿ. ಭಾನುವಾರದ ಪಾಳಿಗೆ ಶೇ 25 ಜಾಸ್ತಿ. ಆಮೇಲೆ ಊರಿನ ಭತ್ಯೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಕೂತು ಮಂಜು ಬರುತ್ತದೋ ಇಲ್ಲವೋ ಅಂತ ನೋಡುವವರಿಗೆ 2025ರ ಪ್ರಕಾರ ಮೂಲವೇತನದ ಮೇಲೆ ಶೇ 46ರಷ್ಟು ಸೇರುತ್ತದೆ. ಸುಂಟರಗಾಳಿ ಮನೆಯನ್ನೇ ಎತ್ತಿಕೊಂಡು ಹೋಗುವ ಕಾನ್ಸಾಸ್‌ನ ಡಾಡ್ಜ್ ಸಿಟಿಯಲ್ಲಿ ಕೂತವರಿಗೆ ಶೇ 17. ಯಾಕೆಂದರೆ ಲೆಕ್ಕ ಹಾಕುವುದು ಆ ಊರಲ್ಲಿ ಉಳಿದ ಕೆಲಸಗಳಿಗೆ ಎಷ್ಟು ಸಂಬಳ ನಡೆಯುತ್ತಿದೆ ಅಂತ, ಮೇಲಿಂದ ಏನು ಬೀಳುತ್ತದೆ ಅಂತ ಅಲ್ಲ. ಸುಂಟರಗಾಳಿಗೆ ಸ್ವಲ್ಪ ಬುದ್ಧಿ ಇದ್ದಿದ್ದರೆ ದುಬಾರಿ ಊರಿಗೇ ಬರುತ್ತಿತ್ತು, ಅದೂ ಭಾನುವಾರ ರಾತ್ರಿ.

ಆದರೂ ಸರ್ಕಾರಿ ಕೆಲಸ, ಸಂಬಳಕ್ಕೆ ಮೋಸವಿಲ್ಲ ಅನ್ನುತ್ತೀರಾ? ಅಲ್ಲೇ ಇರೋದು ಮಜಾ. ಅಮೆರಿಕದ ಸಂಸತ್ತಿನಲ್ಲಿ ಬಜೆಟ್ ಜಗಳ ಬಗೆಹರಿಯದಿದ್ದರೆ ಸರ್ಕಾರಕ್ಕೇ ಬೀಗ ಬೀಳುತ್ತದೆ. ಅಂಥ ಹೊತ್ತಿನಲ್ಲಿ ಬಹಳಷ್ಟು ನೌಕರರನ್ನು ಮನೆಗೆ ಕಳಿಸುತ್ತಾರೆ. ಹವಾಮಾನದವರನ್ನು ಕಳಿಸುವ ಹಾಗಿಲ್ಲ, ಅವರು 'ಅತ್ಯಗತ್ಯ'. ಅತ್ಯಗತ್ಯ ಅಂದರೆ ಕೆಲಸ ಅತ್ಯಗತ್ಯ, ಸಂಬಳ ಅಲ್ಲ. ಬೀಗ ತೆಗೆದ ಮೇಲೆ ಕೊಡುತ್ತಾರೆ. ಅಲ್ಲಿಯವರೆಗೆ ಬಿಟ್ಟಿಯಾಗಿ ಬಿರುಗಾಳಿ ಕಾಯಬೇಕು. 2018ರ ಡಿಸೆಂಬರ್‌ನಿಂದ 2019ರ ಜನವರಿವರೆಗೆ 35 ದಿನ ಹೀಗೇ ಆಯಿತು. 2025ರ ಅಕ್ಟೋಬರ್ 1ರಿಂದ 43 ದಿನ ಆಗಿ ಹಳೆಯ ದಾಖಲೆಯೂ ಮುರಿಯಿತು. ದಾಖಲೆ ಉಷ್ಣತೆ, ದಾಖಲೆ ಮಳೆ ಬರೆದುಕೊಳ್ಳುವ ಜನ ಸಾಲ ಮಾಡಿ ಬಾಡಿಗೆ ಕಟ್ಟುತ್ತಾ ದಾಖಲೆ ಬೀಗವನ್ನೂ ನೋಡಿದರು.

ಇದರಲ್ಲೆಲ್ಲ ನನಗೆ ಬಹಳ ಇಷ್ಟವಾದದ್ದು 2013ರ ಬೀಗ. ಆ ವರ್ಷ ಅಕ್ಟೋಬರ್ 4ರಂದು ಅಲಾಸ್ಕಾದ ಆಂಕರೇಜ್ ಕಚೇರಿಯಿಂದ ಎಂದಿನಂತೆ ಮುನ್ಸೂಚನೆಯ ವಿವರಣೆ ಹೊರಬಿತ್ತು. ವಾಯುಭಾರ, ಗಾಳಿ, ಮೋಡ, ಎಲ್ಲ ಗಂಭೀರವಾಗಿಯೇ ಇತ್ತು. ಅಡ್ಡಕ್ಕೆ ಓದಿದವರಿಗೆ ಹವಾಮಾನ ತಿಳಿಯಿತು. ಸಾಲುಗಳ ಮೊದಲ ಅಕ್ಷರಗಳನ್ನು ಮೇಲಿಂದ ಕೆಳಕ್ಕೆ ಓದಿದವರಿಗೆ ಕಂಡಿದ್ದು 'ಪ್ಲೀಸ್ ಪೇ ಅಸ್', ಅಂದರೆ ದಯವಿಟ್ಟು ನಮಗೆ ಸಂಬಳ ಕೊಡಿ. ಜಗತ್ತಿನ ಅತಿ ಶ್ರೀಮಂತ ದೇಶದ ವಿಜ್ಞಾನಿ ಸಂಬಳ ಕೇಳಬೇಕಾದರೆ ಪದಬಂಧ ಬರೆಯಬೇಕು. ಅವತ್ತಿನ ಬುಲೆಟಿನ್‌ನಲ್ಲಿ ಶೇಕಡಾವಾರು ಸಂಭವದ ಮಾತಿಲ್ಲದೆ ಖಚಿತವಾಗಿ ಹೇಳಿದ್ದು ಅದೊಂದನ್ನೇ ಇರಬೇಕು.

ಟೀವಿಗೆ ಹೋದರೆ ಕಥೆ ಬೇರೆ. ಅಲ್ಲಿ ಸಂಬಳ ನಿಂತಿರುವುದು ಊರಲ್ಲಿ ಎಷ್ಟು ಮನೆಗಳಲ್ಲಿ ಟೀವಿ ಇದೆ ಅನ್ನುವುದರ ಮೇಲೆ. ಅಮೆರಿಕವನ್ನು 210 ಟೀವಿ ಮಾರುಕಟ್ಟೆಗಳಾಗಿ ಹಂಚಿದ್ದಾರೆ. ಮೊದಲನೆಯದು ನ್ಯೂಯಾರ್ಕ್, ಕೊನೆಯದು ಮೊಂಟಾನಾದ ಗ್ಲೆಂಡೈವ್. ಪಟ್ಟಿಯಲ್ಲಿ ಮೇಲೆ ಹೋದಷ್ಟೂ ಸಂಬಳ ಮೇಲೆ. ನ್ಯೂಯಾರ್ಕ್‌ನ ತುಂತುರು ಮಳೆಗೆ ಇರುವ ಬೆಲೆ ಮೊಂಟಾನಾದ ಹಿಮಪಾತಕ್ಕಿಲ್ಲ. ಹೊಸಬರಿಗೆ ಸಿಗುವುದು ಬೆಳಗಿನ ಕಾರ್ಯಕ್ರಮ, ಅಂದರೆ ನಡುರಾತ್ರಿ ಎದ್ದು ಆಫೀಸಿಗೆ ಹೋಗುವ ಭಾಗ್ಯ. ಜೊತೆಗೆ ಮುಖ, ದನಿ, ಅಂಗಿ ಎಲ್ಲ ಸಂಬಳದ ಲೆಕ್ಕಕ್ಕೆ ಬರುತ್ತದೆ. ಹಸಿರು ಅಂಗಿಯಂತೂ ಹಾಕುವ ಹಾಗೇ ಇಲ್ಲ. ಹಿಂದೆ ಇರುವುದು ಬರೀ ಹಸಿರು ಗೋಡೆ, ಮ್ಯಾಪು ಇರುವುದು ಕಂಪ್ಯೂಟರಿನಲ್ಲಿ. ಹಸಿರು ಹಾಕಿಕೊಂಡರೆ ಹೊಟ್ಟೆಯ ಮೇಲೆ ಮೋಡ ಓಡಾಡುತ್ತದೆ. ಖಾಲಿ ಗೋಡೆಯ ಮೇಲೆ ಕೈಯಾಡಿಸುತ್ತಾ, ಪಕ್ಕದ ಪರದೆಯನ್ನು ಓರೆಗಣ್ಣಲ್ಲಿ ನೋಡುತ್ತಾ, ನಗುತ್ತಾ, 'ಇಲ್ಲಿ ನೋಡಿ' ಅನ್ನಬೇಕು. ಇಲ್ಲದ್ದನ್ನು ತೋರಿಸುವ ಕಲೆಗೆ ರಾಜಕೀಯದಲ್ಲಿ ಇದಕ್ಕಿಂತ ಒಳ್ಳೆಯ ದರ ಇದೆ, ಅಲ್ವಾ?

ಇಷ್ಟಾಗಿಯೂ ನೋಡುಗರ ಪ್ರೀತಿ ಇರುತ್ತದಲ್ಲ ಅನ್ನಬಹುದು. 2019ರ ಮೇ 27ರ ರಾತ್ರಿ ಒಹಾಯೋದ ಡೇಟನ್‌ನಲ್ಲಿ ಆ ಪ್ರೀತಿ ಉಕ್ಕಿ ಹರಿಯಿತು. ಸುಂಟರಗಾಳಿ ಬರುತ್ತಿದೆ, ಒಳಗೆ ಹೋಗಿ ಅಂತ ಟೀವಿಯವರು ಕಾರ್ಯಕ್ರಮ ನಿಲ್ಲಿಸಿ ಹೇಳುತ್ತಿದ್ದರು. ಯುವತಿಯೊಬ್ಬಳು ತನಗೊಬ್ಬ ವರನನ್ನು ಆರಿಸಿಕೊಳ್ಳುವ ರಿಯಾಲಿಟಿ ಷೋ ನಡೆಯುತ್ತಿತ್ತು. ವರ ಯಾರು ಅಂತ ನೋಡಲು ಬಿಡದಿದ್ದಕ್ಕೆ ಜನ ಸಾಮಾಜಿಕ ಜಾಲತಾಣಗಳಲ್ಲಿ ಬಾಯಿಗೆ ಬಂದಂತೆ ಬೈದರು. ಹವಾಮಾನ ಹೇಳುತ್ತಿದ್ದವರು ತಾಳ್ಮೆ ಕಳೆದುಕೊಂಡು ಕ್ಯಾಮೆರಾ ಮುಂದೆಯೇ ಸಿಡುಕಿದರು. ಅದೇ ರಾತ್ರಿ ಡೇಟನ್ ಸುತ್ತಮುತ್ತ ಸುಂಟರಗಾಳಿ ಮನೆಗಳನ್ನು ನೆಲಸಮ ಮಾಡಿತು. ಅದಕ್ಕೂ ಮುಂಚೆ, ಏಪ್ರಿಲ್‌ನಲ್ಲಿ, ಅಟ್ಲಾಂಟಾದಲ್ಲಿ ಗಾಲ್ಫ್ ಪಂದ್ಯ ನಿಲ್ಲಿಸಿ ಎಚ್ಚರಿಕೆ ಕೊಟ್ಟ ಹವಾಮಾನ ತಜ್ಞೆಗೆ ಕೊಲೆ ಬೆದರಿಕೆಗಳೇ ಬಂದಿದ್ದವು. ಗಾಲ್ಫ್! ನಿಂತ ಚೆಂಡನ್ನು ಹೊಡೆಯುವ ಆಟ. ಐದು ನಿಮಿಷ ಬಿಟ್ಟು ಬಂದರೂ ಚೆಂಡು ಅಲ್ಲೇ ಇರುತ್ತದೆ.

ಈಗ ದುಡ್ಡಿರುವ ಕಡೆಗೆ ಬರೋಣ. ವಿದ್ಯುತ್ ಮತ್ತು ಗ್ಯಾಸ್ ವ್ಯಾಪಾರ ಮಾಡುವ ಕಂಪನಿಗಳು, ವಿಮೆ ಕಂಪನಿಗಳು, ಶ್ರೀಮಂತರ ದುಡ್ಡನ್ನು ಹೂಡಿ ಲಾಭ ಮಾಡುವ ಹೆಡ್ಜ್ ಫಂಡುಗಳು ಕೂಡ ಹವಾಮಾನ ತಜ್ಞರನ್ನು ಇಟ್ಟುಕೊಳ್ಳುತ್ತವೆ. ಅಲ್ಲಿನ ಲೆಕ್ಕ ಹೀಗಿದೆ. ಒಂದು ದಿನದ ಸರಾಸರಿ ಉಷ್ಣತೆ 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಎಷ್ಟು ಕಡಿಮೆ ಇದೆಯೋ ಅಷ್ಟು 'ಹೀಟಿಂಗ್ ಡಿಗ್ರಿ ಡೇ'. ಸರಾಸರಿ 45 ಇದ್ದರೆ ಇಪ್ಪತ್ತು. ಈ ಸಂಖ್ಯೆ ಜಾಸ್ತಿ ಆದಷ್ಟೂ ಜನ ಹೀಟರ್ ಹಾಕುತ್ತಾರೆ, ಗ್ಯಾಸ್ ಖರ್ಚಾಗುತ್ತದೆ, ಬೆಲೆ ಏರುತ್ತದೆ. 1999ರಿಂದ ಶಿಕಾಗೋದ ವಿನಿಮಯ ಕೇಂದ್ರದಲ್ಲಿ ಈ ಚಳಿಯ ಮೇಲೇ ಸೌದೆ ಇಲ್ಲದೆ, ಕಂಬಳಿ ಇಲ್ಲದೆ ವ್ಯಾಪಾರ ನಡೆಯುತ್ತಿದೆ. ಬರುವ ವಾರ ಎರಡು ಡಿಗ್ರಿ ಚಳಿ ಜಾಸ್ತಿ ಅಂತ ಎಲ್ಲರಿಗಿಂತ ಹತ್ತು ನಿಮಿಷ ಮೊದಲು ಗೊತ್ತಾದರೆ ಸಾಕು. ಅದನ್ನು ಯಜಮಾನನ ಕಿವಿಯಲ್ಲಿ ಹೇಳಿದ ತಜ್ಞನಿಗೆ ಸಂಬಳದ ಮೇಲೆ ಬೋನಸ್. ಅದೇ ಚಳಿ ಬರುತ್ತಿದೆ, ಮನೆಯಲ್ಲಿ ಮುದುಕರನ್ನು ಬೆಚ್ಚಗಿಡಿ ಅಂತ ಇಡೀ ಊರಿಗೆ ಹೇಳಿದವನಿಗೆ ರಾತ್ರಿ ಪಾಳಿಯಾದರೆ ಶೇ 10.

ಅಂದರೆ ಈ ಕಸುಬಿನಲ್ಲಿ ಸಂಬಳ ಏರುವುದು ಕೇಳುವವರ ಸಂಖ್ಯೆ ಕಡಿಮೆಯಾದ ಹಾಗೆ. ಒಬ್ಬನೇ ಕೇಳುವವನಿದ್ದರೆ ಅತ್ಯುತ್ತಮ. ಟೀವಿಯಲ್ಲಿ ಮಾತ್ರ ಉಲ್ಟಾ, ಕೇಳುವವರು ಜಾಸ್ತಿ ಇದ್ದರೆ ಸಂಬಳವೂ ಜಾಸ್ತಿ. ಆದರೆ ಅಲ್ಲಿ ಅವರು ಹವಾಮಾನ ಕೇಳುವುದಿಲ್ಲವಲ್ಲ, ವರನಿಗಾಗಿ ಕಾಯುತ್ತಿರುತ್ತಾರೆ.

ಕಿವಿಮಾತಿನ ಈ ತಜ್ಞನಿಗೆ ಮಾಹಿತಿ ಎಲ್ಲಿಂದ ಬರುತ್ತದೆ? ಉಪಗ್ರಹ ಸರ್ಕಾರದ್ದು, ರೇಡಾರ್ ಸರ್ಕಾರದ್ದು, ದಿನಕ್ಕೆ ನಾಲ್ಕು ಸಲ ಓಡುವ ಕಂಪ್ಯೂಟರ್ ಮಾಡೆಲ್ ಸರ್ಕಾರದ್ದು. ದಿನಕ್ಕೆರಡು ಸಲ ಬಲೂನ್ ಬಿಡುವ ನೌಕರನೂ ಸರ್ಕಾರದವನೇ. ಎಲ್ಲ ಪುಕ್ಕಟೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. 2005ರಲ್ಲಿ ರಿಕ್ ಸ್ಯಾಂಟೋರಮ್ ಅನ್ನುವ ಪೆನ್ಸಿಲ್ವೇನಿಯಾದ ಸೆನೆಟರ್ ಒಂದು ಹೆಜ್ಜೆ ಮುಂದೆ ಹೋಗಿ ಮಸೂದೆಯನ್ನೇ ತಂದರು. ಖಾಸಗಿಯವರು ಕೊಡಬಹುದಾದ ಸೇವೆಗಳನ್ನು ಸರ್ಕಾರಿ ಹವಾಮಾನದವರು ಜನರಿಗೆ ನೇರವಾಗಿ ಕೊಡುವ ಹಾಗಿಲ್ಲ ಅನ್ನುವುದು ಅದರ ಸಾರ. ದೊಡ್ಡ ಖಾಸಗಿ ಹವಾಮಾನ ಕಂಪನಿಯೊಂದು ಅವರದೇ ರಾಜ್ಯದಲ್ಲಿದ್ದದ್ದು ಕಾಕತಾಳೀಯ ಅಂತಲೇ ಇಟ್ಟುಕೊಳ್ಳೋಣ. ಮಸೂದೆ ಪಾಸಾಗಲಿಲ್ಲ.

ಸರಿಯಾಗಿ ಹೇಳುವುದಕ್ಕೂ ಸಂಬಳಕ್ಕೂ ಸಂಬಂಧವೇ ಇಲ್ಲವೇ ಅಂದರೆ, ಒಂದು ಕಡೆ ಇತ್ತು. ಹಂಗೇರಿಯಲ್ಲಿ. 2022ರ ಆಗಸ್ಟ್ 20, ಅವರ ರಾಷ್ಟ್ರೀಯ ಹಬ್ಬ. ಬುಡಾಪೆಸ್ಟ್‌ನಲ್ಲಿ ಭಾರೀ ಪಟಾಕಿ ಪ್ರದರ್ಶನ ಇತ್ತು. ಬಿರುಗಾಳಿ ಬರಬಹುದು ಅಂತ ಹವಾಮಾನ ಸೇವೆ ಹೇಳಿತು, ಸರ್ಕಾರ ಪ್ರದರ್ಶನವನ್ನು ಮುಂದಕ್ಕೆ ಹಾಕಿತು. ಬಿರುಗಾಳಿ ರಾಜಧಾನಿಯ ದಾರಿ ತಪ್ಪಿಸಿ ಹೋಯಿತು. ಸೋಮವಾರ ಹವಾಮಾನ ಸೇವೆಯ ಮುಖ್ಯಸ್ಥೆ ಮತ್ತು ಉಪಮುಖ್ಯಸ್ಥ ಇಬ್ಬರನ್ನೂ ಕೆಲಸದಿಂದ ತೆಗೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರಬಹುದು ಅಂದಿದ್ದು ಬರುತ್ತದೆ ಅಂತ ಕೇಳಿಸಿತು, ಬರಲಿಲ್ಲ, ಮನೆಗೆ ಹೋಗಿ.

ಹಾಗಂತ ಸರಿಯಾಗಿ ಹೇಳಿದವರು ಬಚಾವಾದರು ಅಂದುಕೊಳ್ಳಬೇಡಿ. 2019ರ ಸೆಪ್ಟೆಂಬರ್ 1ರಂದು ಡೋರಿಯನ್ ಚಂಡಮಾರುತ ಅಲಬಾಮಾಕ್ಕೂ ಹೊಡೆಯಬಹುದು ಅಂತ ಅಧ್ಯಕ್ಷ ಟ್ರಂಪ್ ಬರೆದರು. ಇಲ್ಲ, ಅಲಬಾಮಾಕ್ಕೆ ಏನೂ ಆಗುವುದಿಲ್ಲ ಅಂತ ಬರ್ಮಿಂಗ್‌ಹ್ಯಾಮ್ ಕಚೇರಿಯವರು ಸ್ವಲ್ಪ ಹೊತ್ತಲ್ಲೇ ಹೇಳಿದರು. ಅವತ್ತು ಭಾನುವಾರ. ಅಂದರೆ ಶೇ 25 ಜಾಸ್ತಿ ದರದಲ್ಲಿ ಅಧ್ಯಕ್ಷರನ್ನು ತಿದ್ದಿದ ಹಾಗಾಯಿತು. ಮೂರು ದಿನ ಬಿಟ್ಟು ಅಧ್ಯಕ್ಷರು ಒಂದು ಮ್ಯಾಪು ತೋರಿಸಿದರು. ಚಂಡಮಾರುತದ ದಾರಿಯನ್ನು ಯಾರೋ ಕಪ್ಪು ಮಾರ್ಕರ್ ಪೆನ್ನಿನಲ್ಲಿ ಅಲಬಾಮಾದವರೆಗೆ ಎಳೆದಿದ್ದರು. ಹವಾಮಾನ ಸೇವೆಯ ಮೇಲಿನ ಸಂಸ್ಥೆ ಸಹಿಯಿಲ್ಲದ ಹೇಳಿಕೆ ಹೊರಡಿಸಿ ಬರ್ಮಿಂಗ್‌ಹ್ಯಾಮ್‌ನವರು ಹಾಗೆ ಖಡಾಖಂಡಿತವಾಗಿ ಹೇಳಬಾರದಿತ್ತು ಅಂದಿತು. ಅಲಬಾಮಾಕ್ಕೆ ಚಂಡಮಾರುತ ಬರಲೇ ಇಲ್ಲ. ಅದಕ್ಕೆ ಪೆನ್ನಿನ ಗೆರೆ ಕಾಣಿಸಲಿಲ್ಲ ಅಂತ ಕಾಣುತ್ತದೆ.

ಇದರ ನಡುವೆ ಮುನ್ಸೂಚನೆ ಮಾತ್ರ ಸುಧಾರಿಸುತ್ತಲೇ ಇದೆ. ಹತ್ತು ವರ್ಷಕ್ಕೆ ಒಂದು ದಿನದ ಲೆಕ್ಕದಲ್ಲಿ ಮುಂದೆ ಹೋಗಿದೆ. ಹತ್ತು ವರ್ಷದ ಹಿಂದೆ ನಾಲ್ಕು ದಿನಕ್ಕೆ ಎಷ್ಟು ನಂಬಬಹುದಿತ್ತೋ ಈಗ ಐದು ದಿನಕ್ಕೆ ಅಷ್ಟು ನಂಬಬಹುದು. ಅರ್ಧ ತಪ್ಪು ಅನ್ನುವ ಜೋಕ್ ಮಾತ್ರ ಸುಧಾರಿಸಿಲ್ಲ.

ನಿಜವಾಗಿ ಅರ್ಧಕ್ಕಿಂತ ಜಾಸ್ತಿ ತಪ್ಪು ಹೇಳುವವರೂ ಒಬ್ಬರಿದ್ದಾರೆ. ಪೆನ್ಸಿಲ್ವೇನಿಯಾದ ಪಂಕ್ಸಟಾನಿ ಊರಿನ ಫಿಲ್. ದೊಡ್ಡ ಅಳಿಲಿನ ಜಾತಿಯ ಪ್ರಾಣಿ. 1887ರಿಂದಲೂ ಫೆಬ್ರವರಿ 2ಕ್ಕೆ ಇದನ್ನು ಬಿಲದಿಂದ ಎತ್ತುತ್ತಾರೆ. ತನ್ನ ನೆರಳು ಕಂಡರೆ ಇನ್ನೂ ಆರು ವಾರ ಚಳಿ. 24 ಕ್ರೆಡಿಟ್ ಕೇಳುವವರಿಲ್ಲ, ಸುತ್ತ ಉದ್ದ ಟೋಪಿ ಹಾಕಿದ ಗಣ್ಯರು, ವಸತಿ ಊಟ ಉಚಿತ. 2025ರಲ್ಲೂ ಫಿಲ್ ನೆರಳು ಕಂಡಿತು. ಅದೇ ತಿಂಗಳ ಕೊನೆಗೆ ಸರ್ಕಾರ ಹವಾಮಾನ ಸಂಸ್ಥೆಯ ನೂರಾರು ಜನರನ್ನು ಕೆಲಸದಿಂದ ತೆಗೆಯಿತು. ಅಲಾಸ್ಕಾದ ಕಾಟ್ಸೆಬ್ಯೂನಲ್ಲಿ ಬಲೂನ್ ಬಿಡಲು ಜನವಿಲ್ಲದೆ ಬಲೂನ್ ಹಾರುವುದೇ ನಿಂತಿತು. ಫಿಲ್‌ನ ಕೆಲಸಕ್ಕೆ ಏನೂ ಆಗಲಿಲ್ಲ.

ಸ್ವಯಂನಿವೃತ್ತಿಯೂ ಸೇರಿ ಐನೂರಕ್ಕೂ ಜಾಸ್ತಿ ಜನ ಹೊರಗೆ ಹೋದ ಮೇಲೆ, ಆಗಸ್ಟ್‌ನಲ್ಲಿ ಸರ್ಕಾರಕ್ಕೆ ಜ್ಞಾನೋದಯವಾಯಿತು. 450 ಜನರನ್ನು ತೆಗೆದುಕೊಳ್ಳಲು ಒಪ್ಪಿಗೆ ಸಿಕ್ಕಿತು. ಆದರೆ ಅಷ್ಟರಲ್ಲಿ ಸರ್ಕಾರಿ ನೇಮಕಾತಿಯ ನಿಯಮಗಳು ಬದಲಾಗಿದ್ದವು. ಆ ವರ್ಷದ ಮೇ ತಿಂಗಳಲ್ಲಿ ಬಂದ ಹೊಸ ಕ್ರಮದ ಪ್ರಕಾರ ಒಂದು ದರ್ಜೆಯ ಮೇಲಿನ ಕೆಲಸಗಳಿಗೆ ಅರ್ಜಿ ಹಾಕುವವರಿಗೆ ಪ್ರಬಂಧದ ಪ್ರಶ್ನೆಗಳು. ಅದರಲ್ಲೊಂದು, ಈ ಹುದ್ದೆಯಲ್ಲಿದ್ದು ಅಧ್ಯಕ್ಷರ ಆದೇಶಗಳನ್ನು ಮತ್ತು ಆದ್ಯತೆಗಳನ್ನು ಹೇಗೆ ಮುಂದಕ್ಕೆ ಒಯ್ಯುತ್ತೀರಿ? 200 ಪದ ಮೀರದಂತೆ ಬರೆಯಿರಿ. ಗಾಳಿ ಬಂದಾಗ ತೂರಿಕೊಳ್ಳುವುದು ಗಾಳಿಯನ್ನೇ ಓದಿದವರಿಗೆ ಕಷ್ಟವೇನಲ್ಲ. ಕೆಳಗೆ ಇನ್ನೊಂದು ಷರತ್ತಿತ್ತು. ಇದನ್ನು ಬರೆಯಲು ಎಐ ಸಹಾಯ ಪಡೆದಿಲ್ಲ ಅಂತ ಮುಚ್ಚಳಿಕೆ ಕೊಡಬೇಕಿತ್ತು. ಚಂಡಮಾರುತ ಎಲ್ಲಿಗೆ ಹೊಡೆಯುತ್ತದೆ ಅಂತ ಕಂಪ್ಯೂಟರ್ ಕೇಳಿ ಹೇಳಬಹುದು, ತೊಂದರೆ ಇಲ್ಲ. ಅಧ್ಯಕ್ಷರ ವಿಷಯ ಮಾತ್ರ ಸ್ವಂತ ತಲೆಯಿಂದಲೇ ಬರಬೇಕು.