ಎಫ್5 ಎಂಬ ಭಂಡಧೈರ್ಯ

ಬೆಂಗಳೂರಿನ ಆಫೀಸುಗಳಲ್ಲಿ ಹಗಲೆಲ್ಲ ಪುಟ ರಿಫ್ರೆಶ್ ಮಾಡಿ ಸವೆಯುವ ಎಫ್5 ಕೀಗೆ ರಾತ್ರಿ ಮನೆಯಲ್ಲಿ ಇನ್ನೊಂದು ಡ್ಯೂಟಿ. ಬಾಲ್ಡರ್ಸ್ ಗೇಟ್ 3 ಎಂಬ ಕಂಪ್ಯೂಟರ್ ಗೇಮಿನಲ್ಲಿ ಅದನ್ನು ಒತ್ತಿದರೆ ಆಟ ಇದ್ದಲ್ಲಿಗೇ ಸೇವ್ ಆಗುತ್ತದೆ; ಎಫ್8 ಒತ್ತಿದರೆ ಮತ್ತೆ ಅಲ್ಲಿಗೇ ವಾಪಸ್. ಬಾಗಿಲು ತೆರೆಯುವ ಮುಂಚೆ ಎಫ್5, ಜೇಬಿಗೆ ಕೈ ಹಾಕುವ ಮುಂಚೆ ಎಫ್5, ಯಾರಾದರೂ ಪ್ರೀತಿಯಿಂದ ಮಾತಾಡಿಸಲು ಬಂದರಂತೂ ಮೊದಲು ಎಫ್5, ಆಮೇಲೆ ನಮಸ್ಕಾರ. ಕಥೆಯನ್ನೇ ನೆಚ್ಚಿಕೊಂಡ ಗೇಮುಗಳನ್ನು ಗ್ರಾಫಿಕ್ಸ್ ಹೇಗಿದೆ, ಎಷ್ಟು ಗಂಟೆ ಓಡುತ್ತದೆ ಎಂದೆಲ್ಲ ಅಳೆಯುವವರಿದ್ದಾರೆ. ನನಗೆ ಒಂದೇ ಅಳತೆ ಸಾಕು: ಸೋತಾಗ ಬೆರಳು ಎಫ್8ರ ಕಡೆ ಹೋಗುತ್ತದೋ ಇಲ್ಲವೋ?

ಬಾಲ್ಡರ್ಸ್ ಗೇಟ್‌ನಲ್ಲಿ ಹೋಗುತ್ತದೆ. 2023ರ ಆಗಸ್ಟಿನಲ್ಲಿ ಬಂದ ಈ ಗೇಮನ್ನು ಹೊಗಳದವರಿಲ್ಲ, ಹೊಗಳಿಕೆಯಲ್ಲಿ ಸುಳ್ಳೂ ಇಲ್ಲ. ಆದರೆ ಲೆಕ್ಕ ನೋಡಿ. ಇಲ್ಲಿ ಕೈ ಹಾಕಿದ ಕೆಲಸ ಆಗುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ದಾಳ. ಕಾವಲುಗಾರನಿಗೆ ಸುಳ್ಳು ಹೇಳಿ ಒಳಗೆ ಹೋಗಲು 15 ಬೇಕು, ನಿಮಗೆ 3ರ ಬೋನಸ್ ಇದೆ ಅಂದುಕೊಳ್ಳಿ. 20 ಮುಖದ ದಾಳದಲ್ಲಿ 12 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು, ಅಂದರೆ ಗೆಲುವಿನ ಸಾಧ್ಯತೆ ಶೇ. 45. ಗೈಡೆನ್ಸ್ ಮಂತ್ರ ಹಾಕಿಕೊಂಡರೆ ನಾಲ್ಕು ಮುಖದ ಇನ್ನೊಂದು ದಾಳ ಜೊತೆಗೂಡಿ ಅದು ಶೇ. 57.5 ಆಗುತ್ತದೆ. ಮಂತ್ರದ ಬದಲು ಅಡ್ವಾಂಟೇಜ್ ಸಿಕ್ಕರೆ ದಾಳ ಎರಡು ಸಲ ಉರುಳುತ್ತದೆ, ದೊಡ್ಡದು ನಿಮ್ಮದು, ಸಾಧ್ಯತೆ ಶೇ. 70ರ ಹತ್ತಿರ. ಲೆವೆಲ್ಲು, ಮಂತ್ರ, ಅಂಗಿ, ಉಂಗುರ ಎಲ್ಲ ಹೊಂದಿಸಿ ಇಷ್ಟು ಸಂಪಾದಿಸಬೇಕು. ಎಫ್8 ಇದಕ್ಕಿಂತ ಜಾಸ್ತಿಯನ್ನು ಪುಕ್ಕಟೆ ಕೊಡುತ್ತದೆ: ಅದೇ ಶೇ. 45ರ ದಾಳವನ್ನು ಐದು ಸಲ ಉರುಳಿಸಿದರೆ ಒಮ್ಮೆಯಾದರೂ ಗೆಲ್ಲುವ ಸಾಧ್ಯತೆ ಶೇ. 95. ಸಾಲದ್ದಕ್ಕೆ ಸೆಟ್ಟಿಂಗ್ಸಿನಲ್ಲಿ ಕರ್ಮಿಕ್ ಡೈಸ್ ಎಂಬುದು ಮೊದಲೇ ಆನ್ ಆಗಿರುತ್ತದೆ. ಸಾಲಾಗಿ ಸೋಲು ಬರದಂತೆ ದಾಳವನ್ನು ಹದ್ದುಬಸ್ತಿನಲ್ಲಿಡುವ ಉಪಕಾರ ಅದು. ಆಫ್ ಮಾಡಿ ಆಡಿದರೆ ದಾಳ ದಾಳದ ಹಾಗಿರುತ್ತದೆ.

ಎಫ್8ರ ಭಾಗ್ಯ ಧರ್ಮರಾಯನಿಗೂ ಒಂದು ಸಲ ಸಿಕ್ಕಿತ್ತು. ಮೊದಲ ದ್ಯೂತದಲ್ಲಿ ಕಳೆದುಕೊಂಡದ್ದನ್ನೆಲ್ಲ ಧೃತರಾಷ್ಟ್ರ ವಾಪಸ್ ಕೊಟ್ಟ. ಈ ಮಹಾನುಭಾವ ಮತ್ತೆ ಹೋಗಿ ಕೂತು ಮತ್ತೆ ಸೋತ. ಅಕಸ್ಮಾತ್ ಗೆದ್ದು ಬಂದಿದ್ದರೆ ಹದಿನೆಂಟು ಪರ್ವದ ಕಥೆ ಸಭಾಪರ್ವದಲ್ಲೇ ಮಂಗಳ ಹಾಡುತ್ತಿತ್ತು.

ಸೋಲಿನಲ್ಲೇ ಕಥೆ ಇದೆ ಎಂದು ಅರಿತ ಗೇಮು 2019ರ ಡಿಸ್ಕೋ ಎಲಿಸಿಯಮ್. ಇಲ್ಲಿ ನಾವು ಕೊಲೆಯ ಜಾಡು ಹಿಡಿದ ಪತ್ತೇದಾರ, ಕೈಯಲ್ಲಿ ಆರು ಮುಖದ ಎರಡು ದಾಳ. 20 ಮುಖದ ದಾಳದಲ್ಲಿ ಒಂದು ಬೋನಸ್ ಹೆಚ್ಚಾದರೆ ಸಾಮಾನ್ಯವಾಗಿ ಶೇ. 5 ಲಾಭ, ಅಷ್ಟೇ. ಎರಡು ದಾಳದ ಮೊತ್ತ ಹಾಗಲ್ಲ, ನಡುವೆ ಗುಂಪುಗೂಡುತ್ತದೆ. 8 ಬೇಕಿದ್ದಾಗ 36ರಲ್ಲಿ 15 ಗೆಲುವು. ಒಂದು ಪಾಯಿಂಟ್ ಹೆಚ್ಚಿಸಿಕೊಂಡು 7 ಸಾಕು ಅನ್ನುವಂತಾದರೆ 36ರಲ್ಲಿ 21. ಶೇ. 42 ಇದ್ದದ್ದು ಒಂದೇ ಏಟಿಗೆ ಶೇ. 58. ಹಾಗಾಗಿ ಪಾಯಿಂಟ್‌ಗಳನ್ನು ತೀರಾ ಸುಲಭದ ಕೆಲಸಕ್ಕೂ ತೀರಾ ಕಷ್ಟದ್ದಕ್ಕೂ ಸುರಿಯದೆ, ಇಂಥ ಮಧ್ಯಮ ಕೆಲಸಗಳಿಗೆ ಇಟ್ಟುಕೊಳ್ಳುವುದು ಜಾಣತನ. ದಾಳ ಉರುಳಿಸುವ ಪರೀಕ್ಷೆಗೆ ಚೆಕ್ ಎಂದು ಹೆಸರು. ಬಿಳಿ ಚೆಕ್ ಸೋತರೆ ಆ ಕೌಶಲ ಹೆಚ್ಚಿಸಿಕೊಂಡು ಮತ್ತೆ ಬರಬಹುದು, ಕೆಂಪು ಚೆಕ್ ಒಂದೇ ಸಲ. ಆದರೂ ಇಲ್ಲಿ ಹಿಂದಕ್ಕೆ ಹೋಗಲು ಮನಸ್ಸೇ ಬರುವುದಿಲ್ಲ. ಹೋಟೆಲ್ ಬಿಲ್ ಕೊಡದೆ ಸ್ಟೈಲಾಗಿ ಓಡಿಹೋಗಲು ನೋಡಿ ಸೋತರೆ, ನಮ್ಮ ಪತ್ತೇದಾರ ಮ್ಯಾನೇಜರಿಗೆ ಎರಡೂ ಕೈಯ ನಡುಬೆರಳು ತೋರಿಸುತ್ತ ಹಾರಿ, ವೀಲ್‌ಚೇರಿನಲ್ಲಿ ಕೂತ ಅಜ್ಜಿಗೆ ಡಿಕ್ಕಿ ಹೊಡೆಯುತ್ತಾನೆ. ಇದಕ್ಕಿಂತ ಸೊಗಸಾದ ಗೆಲುವು ಯಾರಿಗೆ ಬೇಕು? ಒಂದೇ ಎಚ್ಚರಿಕೆ: ದೇಹಬಲವನ್ನು ತೀರಾ ಕಡಿಮೆ ಇಟ್ಟು ಶುರುಮಾಡಿದರೆ ಸೀಲಿಂಗ್ ಫ್ಯಾನಿಗೆ ಸಿಕ್ಕಿದ ಟೈ ಎಳೆಯಲು ಹೋಗಿಯೇ ಹೃದಯಾಘಾತವಾಗಬಹುದು. ಕೊಲೆಯ ಪತ್ತೆ ಹಾಗಿರಲಿ, ಪ್ಯಾಂಟು ಹಾಕುವ ಮೊದಲೇ ಗೇಮ್ ಓವರ್.

ಗೇಮು ಮಾಡುವವರೆಲ್ಲ ಸೋಲಿಗೂ ಹೀಗೆ ಕಥೆ ಏಕೆ ಬರೆಯುವುದಿಲ್ಲ ಅಂದರೆ, ದುಡ್ಡು. ಎರಡು ದಾರಿಯ ಕವಲು ಹತ್ತು ಸಲ ಬಂದರೆ 1024 ಕಥೆಗಳಾಗುತ್ತವೆ. ಅಷ್ಟಕ್ಕೂ ಬರೆಯಬೇಕು, ನಟರಿಂದ ದನಿ ಕೊಡಿಸಬೇಕು, ತಪ್ಪು ಹುಡುಕಬೇಕು. ಅದಕ್ಕೇ ಕವಲೊಡೆದ ದಾರಿಯನ್ನು ನಾಲ್ಕು ಹೆಜ್ಜೆಯಾಚೆ ಮತ್ತೆ ಒಂದು ಮಾಡಿಬಿಡುತ್ತಾರೆ. 2012ರ ದಿ ವಾಕಿಂಗ್ ಡೆಡ್ ಗೇಮಿನ ಮೊದಲ ಕಂತಿನಲ್ಲಿ ಇಬ್ಬರಲ್ಲಿ ಒಬ್ಬರನ್ನು ಉಳಿಸಿಕೊಳ್ಳಬೇಕು; ಮೂರನೇ ಕಂತಿನಲ್ಲಿ ಹಾಗೆ ಉಳಿಸಿಕೊಂಡವರೂ ಸಾಯುತ್ತಾರೆ, ಖರ್ಚು ಮುಗಿಯಿತು. 2024ರ ಡ್ರ್ಯಾಗನ್ ಏಜ್: ದಿ ವೇಲ್‌ಗಾರ್ಡ್ ಇನ್ನೂ ಉಳಿತಾಯಸ್ಥ: ಹಿಂದಿನ ಗೇಮುಗಳಲ್ಲಿ ರಾಜ್ಯ ಕಟ್ಟಿ ಕೆಡವಿದ ಆಯ್ಕೆಗಳ ಪೈಕಿ ಅದು ಕೇಳುವುದು ಮೂರನ್ನೇ. ಹಳೇ ಅಭಿಮಾನಿಗಳು ಸಿಟ್ಟಾದದ್ದರಲ್ಲಿ ತಪ್ಪೇನಿದೆ? ಇದಕ್ಕಿಂತ 2025ರ ಕ್ಲೇರ್ ಆಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33 ವಾಸಿ. ಕಥೆ ತಿರುಗಿಸುವ ನಿಜವಾದ ಆಯ್ಕೆ ಕೊನೆಗೆ ಒಂದೇ, ಎರಡರಲ್ಲಿ ಒಂದು. ಮಿಕ್ಕಂತೆ ನಾವು ಹೇಳಿದ ಕಥೆ ಕೇಳಿ ಎಂಬ ಧೋರಣೆ. ಆಯ್ಕೆಯ ಆಸೆ ತೋರಿಸಿ ಮೋಸ ಮಾಡುವುದಿಲ್ಲ.

ಎಫ್5ಗೇ ಬೆಲೆ ಕಟ್ಟಿದ್ದು ಕಿಂಗ್‌ಡಮ್ ಕಮ್: ಡೆಲಿವರೆನ್ಸ್ 2. ಕಥೆ ನಡೆಯುವುದು 1403ರ ಬೊಹೀಮಿಯಾದಲ್ಲಿ. ಬೇಕೆಂದಾಗ ಸೇವ್ ಮಾಡಲು ಸೇವಿಯರ್ ಶ್ನಾಪ್ಸ್ ಎಂಬ ಮದ್ಯ ಕುಡಿಯಬೇಕು. ಅದನ್ನು ಕೊಳ್ಳಬಹುದು, ಇಲ್ಲವೇ ವೈನಿನಲ್ಲಿ ತುರಿಕೆ ಸೊಪ್ಪು ಕುದಿಸಿ, ಬೆಲಡೋನ ಎಂಬ ಮೂಲಿಕೆ ಅರೆದು ಹಾಕಿ, ಮರಳು ಗಡಿಯಾರ ತಿರುಗಿಸುತ್ತ ನೀವೇ ಕಾಯಿಸಬೇಕು. ಕುದಿ ಹೆಚ್ಚಾದರೆ ಹದ ಕೆಟ್ಟಿತು. ಪದೇ ಪದೇ ಸೇವ್ ಮಾಡಿದರೆ ಅಮಲೇರುತ್ತದೆ, ಇದು ನನಗೆ ಬಹಳ ನ್ಯಾಯವಾಗಿ ಕಾಣುತ್ತದೆ. ನಿಮ್ಮದೇ ಹಾಸಿಗೆಯಲ್ಲೋ ಬಾಡಿಗೆಯದರಲ್ಲೋ ಮಲಗಿದರೂ, ಆಟ ಬಿಟ್ಟು ಹೊರಬಂದರೂ ಸೇವ್ ಆಗುತ್ತದೆ.

ಆದರೆ ಹೀಗೆ ಸೇವ್ ಬಿಗಿಮಾಡಿದವರು ನಮ್ಮ ಮಳೆಗಾಲದ ಸಂಜೆ ನೋಡಿದವರಲ್ಲ. ಕರೆಂಟು ಹೇಳಿ ಹೋಗುವುದಿಲ್ಲ. ನಾವು ಯುಪಿಎಸ್ ಎಂದು ಕರೆಯುವ ಮನೆಯ ಇನ್ವರ್ಟರನ್ನು ನಂಬಬೇಕಾದರೆ ಮೂರು ಸಂಗತಿ ನೋಡಿಕೊಳ್ಳಿ. 900 ವಿಎ ಎಂದು ಬರೆದಿದ್ದರೆ ಸಿಗುವುದು 700 ವ್ಯಾಟಿನ ಆಸುಪಾಸು. ಗ್ರಾಫಿಕ್ಸ್ ಕಾರ್ಡಿರುವ ಪಿಸಿ ಆಟದ ಮಧ್ಯೆ 400 ವ್ಯಾಟ್ ಎಳೆಯುವುದು ಮಾಮೂಲು, ಅದೇ ಲೈನಿನಲ್ಲಿ ಯಾರಾದರೂ ಚಟ್ನಿಗೆ ಮಿಕ್ಸಿ ಹಾಕಿದರೆ ಓವರ್‌ಲೋಡ್. ಇನ್ವರ್ಟರ್ ಕೊಡುವ ಕರೆಂಟಿನ ಅಲೆ ಚೌಕಾಕಾರದ್ದು, ಅಂದರೆ ಸ್ಕ್ವೇರ್ ವೇವ್ ಆದರೆ ಈಗಿನ ಪಿಸಿ ಪವರ್ ಸಪ್ಲೈಗಳಿಗೆ ಒಗ್ಗುವುದಿಲ್ಲ, ಸೈನ್ ವೇವ್ ಬೇಕು. ಇನ್ನು ಎಷ್ಟೋ ಇನ್ವರ್ಟರುಗಳ ಮೇಲೆ ಇಕೊ, ಯುಪಿಎಸ್ ಎಂದು ಎರಡು ಮೋಡಿನ ಪುಟ್ಟ ಸ್ವಿಚ್ಚಿರುತ್ತದೆ. ಇಕೊದಲ್ಲಿದ್ದರೆ ಬ್ಯಾಟರಿಗೆ ಬದಲಾಗುವುದು ನಿಧಾನ. ಫ್ಯಾನಿಗೆ ಗೊತ್ತೇ ಆಗುವುದಿಲ್ಲ, ಪಿಸಿ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ಅಲೆದು ಚೌಕಾಸಿ ಮಾಡಿ ಗ್ರಾಫಿಕ್ಸ್ ಕಾರ್ಡ್ ತರುವವರು ಈ ಸ್ವಿಚ್ಚನ್ನು ಕಣ್ಣೆತ್ತಿಯೂ ನೋಡಿರುವುದಿಲ್ಲ.