ಗಾಳಿ ಕಮ್ಮಿ ಅಂದ್ರೆ ಚಿಂತೆ ಇಲ್ಲ ಅಂತಲ್ಲ

‘ಗಾಳಿ ಗಂಟೆಗೆ 80 ಕಿ.ಮೀ. ಅಷ್ಟೇ, ಚಿಕ್ಕ ಚಂಡಮಾರುತ, ಗಾಬರಿ ಬೇಡ’ ಅಂತ ಚಂಡಮಾರುತದ ಬಗೆಗಿನ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇಲ್ಲೊಂದು ತಕರಾರಿದೆ. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ದಡ ಮುಟ್ಟಿದಾಗ ನಾನು ಪುದುಚೇರಿಯಲ್ಲಿದ್ದೆ. ಅದರ ಗಾಳಿಯೂ ಹೆಚ್ಚುಕಮ್ಮಿ ಅಷ್ಟೇ ಇತ್ತು. ಓಣಿಯ ಒಂದು ತೆಂಗಿನ ಮರವೂ ಬೀಳಲಿಲ್ಲ.

ಆದರೆ ಚಂಡಮಾರುತ ಬೇಗ ಮುಂದೆ ಹೋಗಲೇ ಇಲ್ಲ. ಗಂಟೆಗಟ್ಟಲೆ ಊರಿನ ಹತ್ತಿರವೇ ನಿಂತು ಸಮುದ್ರದ ನೀರಾವಿ ಎಳೆದುಕೊಂಡು ಸುರಿಯುತ್ತಲೇ ಇತ್ತು. 24 ಗಂಟೆಯಲ್ಲಿ ಹತ್ತಿರ ಹತ್ತಿರ 49 ಸೆಂ.ಮೀ. ಮಳೆ! ಬೆಳಿಗ್ಗೆ ಬಾಗಿಲು ತೆಗೆದರೆ ನನ್ನ ಸ್ಕೂಟರಿನ ಹ್ಯಾಂಡಲ್ ಮಾತ್ರ ಕಾಣುತ್ತಿತ್ತು, ಅದರ ಮೇಲೆ ಒಂದು ಕಾಗೆ. ಎದುರು ಮನೆಯ ಅಜ್ಜಿ ಅಕ್ಕಿ ಡಬ್ಬ ತಲೆ ಮೇಲಿಟ್ಟುಕೊಂಡು ಮಹಡಿ ಹತ್ತುತ್ತಿದ್ದರು.

ಕೊನೆಗೆ ಒಳನಾಡಿಗೆ ಸರಿದ ಮೇಲೂ ಕಥೆ ಮುಗಿಯಲಿಲ್ಲ. ಗಾಳಿಯ ಬಲ ಇಳಿದರೂ ಮೋಡದಲ್ಲಿ ನೀರು ಇದ್ದೇ ಇತ್ತಲ್ವಾ? ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ ಗುಡ್ಡ ಕುಸಿದು ಏಳು ಜನ ಸತ್ತರು. ಸಮುದ್ರದಿಂದ ನೂರು ಕಿ.ಮೀ.ಗಿಂತ ಜಾಸ್ತಿ ದೂರ ಇರುವ ಊತ್ತಂಗರೈಯಲ್ಲಿ 50 ಸೆಂ.ಮೀ. ಸುರಿಯಿತು. ನಮ್ಮ ನಂದಿ ಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿ ನದಿ ಅಲ್ಲಿ ತೆನ್‌ಪೆಣ್ಣೈ ಅನ್ನೋ ಹೆಸರಲ್ಲಿ ಉಕ್ಕಿ ವಿಳುಪ್ಪುರಂ ಕಡೆಯ ಊರುಗಳಿಗೆ ನುಗ್ಗಿತು.

ಹಾಗಾಗಿ ಸುಮ್ನೆ ಗಾಳಿಯ ಲೆಕ್ಕ ಮಾತ್ರ ಕೊಡಬೇಡಿ ಸಾರ್. ಚಂಡಮಾರುತ ಎಷ್ಟು ನಿಧಾನಕ್ಕೆ ಚಲಿಸುತ್ತಿದೆ ಅನ್ನೋದನ್ನೂ ಬರೆಯಿರಿ. ನನ್ನ ಸ್ಕೂಟರ್ ಇನ್ನೂ ಮೊದಲಿನ ಹಾಗೆ ಸ್ಟಾರ್ಟ್ ಆಗುತ್ತಿಲ್ಲ.