ನೋವಿದೆಯಾ ಅಂತಲ್ಲ, ನೋವಿತ್ತಾ ಅಂತ ಕೇಳಿ

ಲ್ಯಾಬಿನಲ್ಲಿ ಕೆಲಸ ಮಾಡುವ ನಮಗೆ ರೋಗಿಯ ಮುಖ ಕಾಣಿಸುವುದಿಲ್ಲ. ನಮ್ಮ ಕೈಗೆ ಬರುವುದು ಒಂದು ಚೀಟಿ, ಎರಡು ಬಾಟಲಿ. ಅವತ್ತು ಬಂದ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಹುಡುಗ, ವಯಸ್ಸು 19, ಚಳಿಜ್ವರ, ನ್ಯುಮೋನಿಯಾ ಇರಬಹುದು.

ಬ್ಲಡ್ ಕಲ್ಚರ್ ಅಂದರೆ ರಕ್ತವನ್ನು ಬಾಟಲಿಗೆ ಹಾಕಿ, ಮೆಷಿನ್ನಿನಲ್ಲಿಟ್ಟು, ಒಳಗೆ ಏನಾದರೂ ಬೆಳೆಯುತ್ತದಾ ಅಂತ ಕಾಯುವುದು. ಒಂದು ಬಾಟಲಿ ಗಾಳಿ ಬೇಕಾದ ರೋಗಾಣುಗಳಿಗೆ. ಇನ್ನೊಂದು, ಗಾಳಿ ಸೋಕಿದರೆ ಸಾಯುವಂಥವಕ್ಕೆ. ಅದನ್ನು ಅನೆರೋಬಿಕ್ ಬಾಟಲಿ ಅನ್ನುತ್ತೇವೆ. ಎಷ್ಟೋ ಕಡೆ ಖರ್ಚು ಉಳಿಸಲು ಈ ಎರಡನೆಯದನ್ನು ಕಳಿಸುವುದೇ ಇಲ್ಲ. ಈ ಹುಡುಗನ ಪುಣ್ಯ, ಯಾರೋ ಕಳಿಸಿದ್ದರು.

ಮೂರನೇ ದಿನ ಮೆಷಿನ್ ಕೂಗಿತು. ಅನೆರೋಬಿಕ್ ಬಾಟಲಿ ಮಾತ್ರ. ಇನ್ನೊಂದು ಸುಮ್ಮನೆ ಕೂತಿತ್ತು. ಸಿರಿಂಜಿನಲ್ಲಿ ಒಂದು ಹನಿ ತೆಗೆದಾಗಲೇ ಕೊಳೆತ ವಾಸನೆ. ಸ್ಲೈಡಿಗೆ ಬಣ್ಣ ಹಾಕಿ ನೋಡಿದರೆ ತೆಳು ಗುಲಾಬಿ ಕಡ್ಡಿಗಳು, ಒಂದರಂತೆ ಒಂದಿಲ್ಲ. ಕೆಲವು ಗಿಡ್ಡ, ಕೆಲವು ದಾರದ ಹಾಗೆ ಉದ್ದ. ನಮ್ಮ ಮೇಡಂ ಮೈಕ್ರೋಸ್ಕೋಪಿನಿಂದ ತಲೆ ಎತ್ತಿದವರೇ ವಾರ್ಡಿಗೆ ಫೋನ್ ಮಾಡಿದರು.

"ಹುಡುಗನಿಗೆ ಗಂಟಲು ನೋವು ಇತ್ತಾ?"

"ಇಲ್ಲ ಮೇಡಂ, ಗಂಟಲು ನೋಡಿದ್ದೀವಿ, ಸರಿಯಾಗೇ ಇದೆ."

"ಈಗಿನದ್ದಲ್ಲಪ್ಪ, ಹೋದ ವಾರದ್ದು. ಅವರಮ್ಮನ್ನ ಕೇಳಿ."

ಅಮ್ಮನಿಗೆ ನೆನಪಿತ್ತು. ಹತ್ತು ದಿನದ ಹಿಂದೆ ಗಂಟಲು ಕೆಟ್ಟಿತ್ತಂತೆ, ತಾನಾಗೇ ಹೋಯಿತಂತೆ. ಎಡಗಡೆ ಕತ್ತು ಎರಡು ದಿನದಿಂದ ನೋಯುತ್ತಿತ್ತು. ಮಲಗಿದಾಗ ಉಳುಕಿರಬೇಕು ಅಂತ ಹುಡುಗ ಯಾರಿಗೂ ಹೇಳಿರಲಿಲ್ಲ. ಅವತ್ತೇ ಕತ್ತಿನದೂ ಎದೆಯದೂ ಸಿಟಿ ಸ್ಕ್ಯಾನ್ ಮಾಡಿದರು. ಕತ್ತಿನ ದೊಡ್ಡ ರಕ್ತನಾಳ ಹೆಪ್ಪುಗಟ್ಟಿ ಮುಚ್ಚಿಹೋಗಿತ್ತು. ಎರಡೂ ಶ್ವಾಸಕೋಶದಲ್ಲಿ ಅಲ್ಲಲ್ಲಿ ಗಂಟು, ಕೆಲವು ನಡುವೆ ಟೊಳ್ಳು.

ಇದಕ್ಕೆ ಲೆಮಿಯೇರ್ ಸಿಂಡ್ರೋಮ್ ಅನ್ನುತ್ತಾರೆ. ರೋಗಾಣುವಿನ ಹೆಸರು ಫ್ಯೂಸೋಬ್ಯಾಕ್ಟೀರಿಯಂ ನೆಕ್ರೋಫೋರಮ್. ಮೊದಲ ಪದದಲ್ಲಿ ಲ್ಯಾಟಿನ್ನಿನ ಕದಿರು (ನೂಲು ಸುತ್ತುವ ಕಡ್ಡಿ) ಇದೆ, ಎರಡನೆಯದರಲ್ಲಿ ಗ್ರೀಕಿನ ಸಾವು. ಹೆಸರಿಟ್ಟವರಿಗೆ ಇದರ ಮೇಲೆ ಸಿಟ್ಟಿತ್ತೇನೋ. ಟಾನ್ಸಿಲ್ ಹತ್ತಿರ ಶುರುವಾದ ಸೋಂಕು ಪಕ್ಕದಲ್ಲೇ ಹರಿಯುವ ಜುಗುಲಾರ್ ರಕ್ತನಾಳಕ್ಕೆ ಇಳಿಯುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಹೆಪ್ಪಿನೊಳಗೆ ರೋಗಾಣು ಮನೆ ಮಾಡುತ್ತದೆ. ಚೂರುಗಳು ಒಡೆದು ಹೃದಯದ ಬಲಭಾಗ ದಾಟಿ ನೇರ ಶ್ವಾಸಕೋಶಕ್ಕೆ. ಅಷ್ಟರಲ್ಲಿ ಗಂಟಲು ವಾಸಿಯಾಗಿರುತ್ತದೆ. ಮೋಸ ಇರುವುದೇ ಇಲ್ಲಿ.

ಆಂಡ್ರೆ ಲೆಮಿಯೇರ್ ಅನ್ನುವ ಫ್ರೆಂಚ್ ವೈದ್ಯ 1936ರಲ್ಲಿ ಇಂಥ 20 ರೋಗಿಗಳ ಬಗ್ಗೆ ಬರೆದ. 18 ಜನ ಸತ್ತಿದ್ದರು. ಎಲ್ಲ ಪೆನಿಸಿಲಿನ್ ಬರುವ ಮುಂಚಿನ ಮಾತು. ಆಮೇಲೆ ಗಂಟಲು ನೋವಿಗೆಲ್ಲ ಪೆನಿಸಿಲಿನ್ ಕೊಡಲು ಶುರು ಮಾಡಿದರು, ಈ ಕಾಯಿಲೆ ಎಷ್ಟು ಅಪರೂಪವಾಯಿತು ಅಂದರೆ 'ಮರೆತುಹೋದ ಕಾಯಿಲೆ' ಅನ್ನುವ ಹೆಸರೇ ಬಂತು. ತಮಾಷೆ ಅಂದರೆ, ಲೆಮಿಯೇರ್ ಕಾಲದಲ್ಲಿ ಸ್ಕ್ಯಾನ್ ಇರಲಿಲ್ಲ. ರೋಗಿಯ ಕಥೆ ಕೇಳಿ, ಕತ್ತು ಮುಟ್ಟಿ ನೋಡಿಯೇ ಇದನ್ನು ಹಿಡಿಯಬಹುದು ಅಂತ ಅವನ ಅಭಿಪ್ರಾಯ. ಈಗ ಸ್ಕ್ಯಾನ್ ಇದೆ, ಕಥೆ ಕೇಳುವುದಕ್ಕೆ ಪುರುಸೊತ್ತಿಲ್ಲ.

ನನ್ನ ತಕರಾರು ಇದೇ. ಗಂಟಲು ನೋವಿದೆಯಾ ಅಂತ ಎಲ್ಲರೂ ಕೇಳುತ್ತಾರೆ. ನೋವಿತ್ತಾ ಅಂತ ಕೇಳುವವರು ಕಮ್ಮಿ. ಡಾಕ್ಟರನ್ನೇ ಬೈಯುತ್ತಿಲ್ಲ. ರೋಗಿಗಳಾಗಿ ಹೋದಾಗ ನಾವೂ ಹೇಳುವುದಿಲ್ಲ ಅಲ್ವಾ? ವಾಸಿಯಾದ ನೋವನ್ನು ಯಾರು ಎಣಿಸುತ್ತಾರೆ?

ಇದನ್ನು ಓದಿ ಗಂಟಲು ಕೆರೆದರೂ ಹೆದರಬೇಡಿ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಕೆಲವೇ ಕೆಲವರಿಗೆ ಬರುವ ಕಾಯಿಲೆ ಇದು. ಗಂಟಲು ನೋವು ಜಾಸ್ತಿ ಬರುವುದು ವೈರಸ್‌ನಿಂದ, ಆಂಟಿಬಯೋಟಿಕ್ ಇಲ್ಲದೇ ಹೋಗುತ್ತದೆ. ಲೆಮಿಯೇರ್ ಬಂದರೆ ಆರೋಗ್ಯವಾಗಿದ್ದ ಹದಿಹರೆಯದವರಿಗೆ, ಇಪ್ಪತ್ತರ ಆಸುಪಾಸಿನವರಿಗೇ ಹೆಚ್ಚು. ಗಂಟಲು ವಾಸಿಯಾಗುತ್ತಾ ಬಂದಿತ್ತು, ಆಮೇಲೆ ಮೈ ನಡುಗುವ ಚಳಿಜ್ವರ, ಕತ್ತಿನ ಒಂದೇ ಕಡೆ ನೋವು ಅಥವಾ ಊತ, ಉಸಿರೆಳೆದರೆ ಎದೆ ಚುಚ್ಚುವುದು. ಹೀಗಾದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಹಳೇ ಗಂಟಲು ನೋವನ್ನು ಮೊದಲು ಹೇಳಿ. ಮನೆಯಲ್ಲಿ ಉಳಿದ ಆಜಿತ್ರೋಮೈಸಿನ್ ನುಂಗಿ ಕಾಯಬೇಡಿ. ಆ ಜಾತಿಯ ಔಷಧಿಗೆ ಈ ರೋಗಾಣು ಸಾಮಾನ್ಯವಾಗಿ ಬಗ್ಗುವುದಿಲ್ಲ.

ಗಂಟಲಿನ ಮಾಮೂಲಿ ಟೆಸ್ಟಿನಲ್ಲೂ ಇದು ಸಿಗುವುದಿಲ್ಲ. ಅದು ಹುಡುಕುವುದು ಸ್ಟ್ರೆಪ್ಟೋಕಾಕಸ್ ಅನ್ನುವ ಬೇರೆ ರೋಗಾಣುವನ್ನು. ನೆಗೆಟಿವ್ ಬಂತು ಅಂತ ಎಲ್ಲರೂ ನಿರಾಳವಾಗುತ್ತಾರೆ. ಕತ್ತಿನ ಅಲ್ಟ್ರಾಸೌಂಡ್ ಕೂಡ ಕೆಲವೊಮ್ಮೆ ಕೈಕೊಡುತ್ತದೆ, ದವಡೆ ಮತ್ತು ಕೊರಳೆಲುಬಿನ ಹಿಂದಿರುವ ಹೆಪ್ಪು ಅದಕ್ಕೆ ಸರಿಯಾಗಿ ಕಾಣಿಸುವುದಿಲ್ಲ. ಬಣ್ಣದ ಔಷಧಿ ಕೊಟ್ಟು ಮಾಡುವ ಸಿಟಿ ಸ್ಕ್ಯಾನೇ ಬೇಕು. ಆಂಟಿಬಯೋಟಿಕ್ ಶುರು ಮಾಡುವ ಮುಂಚೆಯೇ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆದರೆ ನಮಗೂ ಏನಾದರೂ ಸಿಗುವ ಆಸೆ. ಹಾಗಂತ ನಮ್ಮ ರಿಪೋರ್ಟಿಗೆ ಕಾಯುತ್ತಾ ಔಷಧಿ ತಡ ಮಾಡುವಂತಿಲ್ಲ.

ಆ ಹುಡುಗನಿಗೆ ಆರು ವಾರ ಔಷಧಿ ನಡೆಯಿತು, ಉಳಿದುಕೊಂಡ.

ಹೋದ ತಿಂಗಳು ಅದೇ ವಾರ್ಡಿನಿಂದ ಇನ್ನೊಂದು ಚೀಟಿ ಬಂತು. ಜ್ವರ ಅನ್ನುವ ಪದದ ಕೆಳಗೆ ಪೆನ್ನಿನಲ್ಲಿ ಯಾರೋ ಸೇರಿಸಿದ್ದರು: 'ಗಂಟಲು ನೋವು ಇತ್ತು, 8 ದಿನದ ಹಿಂದೆ, ಈಗಿಲ್ಲ.' ಜೊತೆಗೆ ಎರಡೂ ಬಾಟಲಿ. ಐದು ದಿನ ಕಾದೆವು, ಏನೂ ಬೆಳೆಯಲಿಲ್ಲ. ನೆಗೆಟಿವ್ ಅಂತ ರಿಪೋರ್ಟ್ ಕಳಿಸಿದೆವು. ಆ ಚೀಟಿಯನ್ನು ಮಾತ್ರ ಮೇಡಂ ಎಸೆಯಲು ಬಿಡಲಿಲ್ಲ.